ಕೊನೆಯ ಕೋಣೆಯಲ್ಲಿ ನಿಮ್ಮಪ್ಪ

ಶನಿವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ಪ್ರೀತಿಯ ಆಶೀರ್ವಾದ. ಎಲ್ಲರೂ ಕ್ಷೇಮ ಎಂದು ಬರೆಯುವ ಮೊದಲು ನಿನ್ನ ಹತ್ತಿರ ಒಂದು ಸುಳ್ಳು ಒಪ್ಪಿಕೊಳ್ಳಬೇಕು. ಹೋದ ತಿಂಗಳು ಚಿಕ್ಕಮ್ಮನ ಮನೆಗೆ ಹೋಗುತ್ತೇನೆ, ಅಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ ಎಂದಿದ್ದೆನಲ್ಲ, ನಾನು ಹೋಗಿದ್ದು ಚಿಕ್ಕಮ್ಮನ ಮನೆಗಲ್ಲ. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲಿದ್ದೆ. ಗರ್ಭಕೋಶದಲ್ಲಿ ಗಡ್ಡೆ ಇತ್ತು. ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಅಲ್ಲ ಎಂದು ರಿಪೋರ್ಟು ಬಂದಿದೆ. ಈಗ ಮನೆಯಲ್ಲಿದ್ದೇನೆ. ಹೊಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ಶಾಲೆಯ ಮಕ್ಕಳು ಪರೀಕ್ಷೆ ಬರೆಯುವ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೊದಲು ಉಸಿರು ಬಿಡು. ಆಮೇಲೆ ನನ್ನನ್ನು ಬೇಕಾದಷ್ಟು ಬೈಯಿ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಹೇಳಿದ್ದರೆ ನೀನು ಎದ್ದುಬಿದ್ದು ಬರುತ್ತಿದ್ದೆ. ಮಂಚದ ಈ ಕಡೆ ನೀನು, ಆ ಕಡೆ ನಿಮ್ಮಪ್ಪ, ನಡುವೆ ನನ್ನ ಹೊಟ್ಟೆ. ಅದರ ಮೇಲೆಯೇ ನಿಮ್ಮಿಬ್ಬರ ಜಗಳ ನಡೆಯುತ್ತಿತ್ತು. ನನಗೆ ಗಡ್ಡೆಗಿಂತ ಅದರ ಭಯವೇ ಹೆಚ್ಚಾಗಿತ್ತು.

ಈ ಕಾಗದ ನನ್ನ ಕಾಯಿಲೆಯ ವಿಷಯಕ್ಕಲ್ಲ, ನಿಮ್ಮಪ್ಪನ ವಿಷಯಕ್ಕೆ. ಇಲ್ಲಿಗೇ ಮಡಿಚಿ ಇಡಬೇಡ. ಫೋನಿನಲ್ಲಿ ಅವರ ಮಾತೆತ್ತಿದರೆ ನೀನು ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬೇಕಾಗಿರುವುದು ಒಂದೇ: ಒಂದು ಸಲ ನೀನು ಅವರ ಎದುರು ಕೂರಬೇಕು. ಕ್ಷಮಿಸು ಎಂದು ಕೇಳುವುದಿಲ್ಲ, ವಾಪಸು ಬಾ ಎಂದೂ ಕೇಳುವುದಿಲ್ಲ. ಕೂರುತ್ತೀಯೋ ಇಲ್ಲವೋ, ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನ ಮಾಡು. ಹೇಗೂ ಎರಡು ದಶಕ ಮಕ್ಕಳಿಗೆ ಪಾಠ ಹೇಳಿದವಳು ನಾನು, ಹೇಳಬೇಕಾದ್ದನ್ನು ಸುತ್ತಿ ಬಳಸಿಯೇ ಹೇಳುತ್ತೇನೆ, ಸ್ವಲ್ಪ ಸಹಿಸಿಕೋ.

ನಿಮ್ಮಪ್ಪನ ಗಂಟಲು ನಿನಗೆ ಗೊತ್ತೇ ಇದೆ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಹರಾಜು ಕೂಗಿದ ಗಂಟಲು. ಈ ತುದಿಯಲ್ಲಿ ನಿಂತು ಈರುಳ್ಳಿಯ ಬೆಲೆ ಕೂಗಿದರೆ ಆ ತುದಿಯ ಲಾರಿಯೊಳಗೆ ಮಲಗಿದ್ದ ಡ್ರೈವರು ಎದ್ದು ಕೂರುತ್ತಿದ್ದ. ಮನೆಗೆ ಬಂದಾಗಲೂ ಆ ಗಂಟಲನ್ನು ಹೊರಗೆ ಬಿಟ್ಟು ಬರುವ ಅಭ್ಯಾಸ ಅವರಿಗಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಪಕ್ಕದ ಮನೆಯವರಿಗೂ ತಿಳಿಯುತ್ತಿತ್ತು. ನಿನ್ನ ಮದುವೆ ಗೊತ್ತಾಗಿ, ಎರಡೂ ಕಡೆಯವರು ನಮ್ಮ ನಡುಮನೆಯಲ್ಲಿ ಕೂತಿದ್ದ ದಿನ, ನೀನು ಮೆಲ್ಲಗೆ "ನನಗೆ ಈ ಮದುವೆ ಬೇಡ" ಎಂದಾಗ, ಅದೇ ಗಂಟಲಿನಲ್ಲಿ ಅವರು ಅಷ್ಟು ಜನರ ಎದುರು ನಿನ್ನ ಮಾನ ಹರಾಜು ಹಾಕಿದರು. ನೀನು ಚೀಲ ಹೆಗಲಿಗೇರಿಸಿಕೊಂಡು ಹೋದವಳು, ಪರ ಊರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದು, ಮಹಡಿಯ ಮೇಲೊಂದು ಕೋಣೆ ಮಾಡಿಕೊಂಡವಳು, ಇವತ್ತಿಗೂ ಈ ಹೊಸಿಲು ತುಳಿದಿಲ್ಲ. ಅವರು ಮಾರುಕಟ್ಟೆಗೆ ಹೋದ ಹೊತ್ತು ನೋಡಿಯೇ ಫೋನು ಮಾಡುತ್ತೀ. ಹಠದಲ್ಲಿ ಅಪ್ಪ, ಮಗಳು ಇಬ್ಬರೂ ಎತ್ತಿದ ಕೈ.

ಈಗ ಆಸ್ಪತ್ರೆಗೆ ಬರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಆ ವಾರ್ಡಿನಲ್ಲಿ ನನಗೊಂದು ಅಡ್ಡಹೆಸರು ಬಿದ್ದಿತ್ತು. ಕಲಿಯುವ ಡಾಕ್ಟರುಗಳು ಬೆಳಿಗ್ಗೆ, ಜೊತೆಗಿದ್ದ ಗಂಡಸರನ್ನು ಹೊರಗೆ ಕಳಿಸಿ, ಗುಂಪುಗುಂಪಾಗಿ ಬಂದು ಹೊಟ್ಟೆ ಒತ್ತಿ ನೋಡುತ್ತಿದ್ದರು. ನಾನು ಸುಮ್ಮನಿರಬೇಕಲ್ಲ! "ಮೊದಲು ಉಗುರು ತೋರಿಸಿ" ಎನ್ನುತ್ತಿದ್ದೆ. ಒಂದನೇ ಕ್ಲಾಸಿನ ಮಕ್ಕಳ ಹಾಗೆ ಸಾಲಾಗಿ ನಿಂತು ಕೈ ಚಾಚುತ್ತಿದ್ದವು ಪಾಪ. ಉದ್ದನೆಯ ಹುಡುಗನೊಬ್ಬನನ್ನು ವಾಪಸು ಕಳಿಸಿ ಉಗುರು ಕತ್ತರಿಸಿಕೊಂಡು ಬರುವಂತೆ ಮಾಡಿದ್ದೆ. ಎರಡೇ ದಿನದಲ್ಲಿ ನಾನು ಎಲ್ಲರ ಬಾಯಲ್ಲೂ ಉಗುರು ಟೀಚರ್ ಆಗಿಹೋದೆ.

ಆ ಗುಂಪಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳು ಮಾತಾಡಿದರೆ ನಾವು ಬಾಗಿ ಕಿವಿ ಕೊಡಬೇಕು. ನಾನು ಅವಳಿಗೆ ಪಿಸುಮಾತು ಡಾಕ್ಟರು ಎಂದು ಹೆಸರಿಟ್ಟೆ. ನರ್ಸಮ್ಮ ಹೇಳುತ್ತಿದ್ದರು, ಹುಡುಗಿ ಓದಿನಲ್ಲಿ ಚುರುಕು, ಎದುರಿಗೆ ಯಾರಾದರೂ ದನಿ ಏರಿಸಿದರೆ ಮುಗಿಯಿತು, ಮುಖ ಬಿಳುಚಿಕೊಂಡು ಗೋಡೆಗೆ ಅಂಟಿಕೊಳ್ಳುತ್ತಾಳೆ ಎಂದು. ಇಂಥವಳು ರೋಗಿಗಳ ಮನೆಯವರನ್ನು ಹೇಗೆ ನಿಭಾಯಿಸುತ್ತಾಳೆ ಎಂದು ಅವಳ ಮೇಲಿನವರಿಗೆಲ್ಲ ಚಿಂತೆಯಂತೆ.

ನನ್ನ ಆಪರೇಷನ್ನನ್ನು ಮುಂದಕ್ಕೆ ಹಾಕಿದರು. ಆಮೇಲೆ ಮತ್ತೆ ಹಾಕಿದರು. ಹಿಂದಿನ ದಿನ ಸಂಜೆಯಿಂದ ಊಟವಿಲ್ಲ, ನೀರೂ ಇಲ್ಲ. ಬೆಳಿಗ್ಗೆ ಹಸಿರು ಗೌನು ತೊಡಿಸಿ ಮಲಗಿಸುವುದು, ಮಧ್ಯಾಹ್ನದ ಹೊತ್ತಿಗೆ ಬಂದು "ಇವತ್ತಿಲ್ಲ, ಊಟ ಮಾಡಿ" ಎನ್ನುವುದು. ಮೊದಲ ಸಲ ಅಪಘಾತದ ಕೇಸು ಬಂತೆಂದರು. ಎರಡನೆಯ ಸಲ ಅರಿವಳಿಕೆ ಕೊಡುವ ಡಾಕ್ಟರಿಗೆ ಜ್ವರ ಎಂದರು. ಮೂರನೆಯ ಸಲ ಯಾಕೆಂದು ಹೇಳುವವರೇ ಇಲ್ಲ. ನನ್ನ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನಿಮ್ಮಪ್ಪ ನನ್ನ ಮುಖ ನೋಡಿದರು, ಒಂದು ಮಾತೂ ಆಡದೆ ಎದ್ದು ಹೋದರು. ಅವರು ಮಾತಾಡದೆ ಹೋದರೆ ಏನರ್ಥ ಎಂದು ನಿನಗೆ ಗೊತ್ತು.

ವಿಚಾರಣೆಯ ಕಿಟಕಿಯಲ್ಲಿ ಕೇಳಿದರೆ ಕಚೇರಿಗೆ ಹೋಗಿ ಎಂದರಂತೆ. ಕಚೇರಿಯಲ್ಲಿ ವಾರ್ಡಿನಲ್ಲೇ ಕೇಳಿ ಎಂದರಂತೆ. "ಕೂಗಬೇಡಿ, ಸಮಾಧಾನ ಮಾಡ್ಕೊಳ್ಳಿ" ಎಂದು ಎಲ್ಲರೂ ಹೇಳಿದ್ದೇ. ಕೊನೆಗೆ ಮೆಟ್ಟಿಲ ಬುಡದಲ್ಲಿ ಕೂತಿದ್ದ ಸೆಕ್ಯೂರಿಟಿಯವರು ಇವರನ್ನು ನೋಡಿ ಅಯ್ಯೋ ಪಾಪ ಎಂದುಕೊಂಡು, "ಸಾರ್, ಮೇಲೆ ಹೋಗಿ, ಕೊನೇ ರೂಮು. ಅಲ್ಲಿ ಎಷ್ಟು ಕೂಗಿದ್ರೂ ಡಾಕ್ಟ್ರುಗಳು ಕೂತ್ಕೊಂಡು ಕೇಳ್ತಾರೆ. ಪ್ರತಿ ಮಂಗಳವಾರ ನಾನೇ ನೋಡ್ತೀನಲ್ಲ" ಎಂದರಂತೆ.

ಆ ಮನುಷ್ಯ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಪುಟ್ಟಿ. ಅದು ಕಲಿಯುವ ಡಾಕ್ಟರುಗಳಿಗೆ ಪಾಠ ಹೇಳುವ ಕೋಣೆ. ಸಿಟ್ಟಿನಲ್ಲಿ, ದುಃಖದಲ್ಲಿ ಬಂದ ರೋಗಿಯ ಮನೆಯವರ ಹತ್ತಿರ ಹೇಗೆ ಮಾತಾಡಬೇಕು ಎಂಬುದೇ ಅಲ್ಲಿ ಪಾಠ. ಒಬ್ಬ ನಿವೃತ್ತ ನಾಟಕದ ಮೇಷ್ಟ್ರು ಪ್ರತಿ ಮಂಗಳವಾರ ಬಂದು ಸಿಟ್ಟಿನ ಗಂಡ, ಸಿಟ್ಟಿನ ಅಣ್ಣ, ಸಿಟ್ಟಿನ ಮಾವ ಎಲ್ಲ ಆಗುತ್ತಾರೆ. ಮಕ್ಕಳು ಸರದಿಯ ಮೇಲೆ ಅವರನ್ನು ಸಮಾಧಾನ ಮಾಡಬೇಕು. ಪಕ್ಕದ ಪುಟ್ಟ ಕೋಣೆಯಲ್ಲಿ ಅವರ ಗುರುಗಳು ಗಾಜಿನ ಹಿಂದೆ ನಿಂತು ನೋಡುತ್ತಾರೆ, ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಗುತ್ತದೆ. ಆ ದಿನದ ಪಾಠ ಏನು ಗೊತ್ತೇ? ಹೆಂಡತಿಯ ಆಪರೇಷನ್ ಮುಂದಕ್ಕೆ ಹೋಗಿ ರೇಗಿದ ಗಂಡ. ಅಲ್ಲಿ ಬರುವ ದೂರುಗಳಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚಂತೆ. ನಾಟಕದ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ನಿಮ್ಮಪ್ಪ ಬಾಗಿಲು ದಬ್ಬಿಕೊಂಡು ಒಳಗೆ ಹೋದರು.

ಇದೆಲ್ಲ ಹೇಗೆ ಗೊತ್ತು ಎಂದರೆ, ಆ ದಾಖಲೆಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹೇಗೆ ನೋಡಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಕಂಪ್ಯೂಟರಿನ ಪರದೆಯ ಮೇಲೆ ನಿಮ್ಮಪ್ಪ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿದೆ, ಕತ್ತಿನ ನರ ಉಬ್ಬಿದೆ. "ಮನುಷ್ಯರೇನ್ರೀ ನೀವು? ಮೂರು ಸಲ ಉಪವಾಸ ಕೆಡವಿದ್ದೀರಲ್ಲ! ನಿಮ್ಮ ಅಮ್ಮ ಆಗಿದ್ರೆ ಹೀಗೆ ಮಾಡ್ತಿದ್ರಾ?" ಎಂದು ಮಾರುಕಟ್ಟೆಯ ದನಿಯಲ್ಲಿ ಕೂಗುತ್ತಿದ್ದಾರೆ. ಬೆಂಚಿನ ಮೇಲೆ ಕೂತ ಮಕ್ಕಳು ತಲೆದೂಗುತ್ತಿದ್ದಾರೆ! ಆ ಉದ್ದನೆಯ ಹುಡುಗ ಪಕ್ಕದವನ ಕಿವಿಯಲ್ಲಿ "ಹೋದ ವಾರದೋರಿಗಿಂತ ಇವರು ತುಂಬಾ ಚೆನ್ನಾಗಿ ಮಾಡ್ತಾರೆ" ಎಂದದ್ದೂ ದಾಖಲಾಗಿದೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕರೆ ಹೊಲಿಗೆ ಹಾಕುವ ಮೊದಲೇ ಹೊಟ್ಟೆ ಬಿರಿಯುತ್ತಿತ್ತು.

ಆ ದಿನದ ಸರದಿ ಪಿಸುಮಾತಿನದು. ಅವಳ ಮುಖ ಬಿಳುಚಿತ್ತು, ಅದು ನಿಜ. ಎದ್ದಳು. ಒಂದು ಕುರ್ಚಿಯನ್ನು ಎಳೆದು ನಿಮ್ಮಪ್ಪನ ಹತ್ತಿರ ಇಟ್ಟಳು. ಇನ್ನೊಂದನ್ನು ಎದುರುಬದುರಾಗಿ ಹಾಕದೆ ಸ್ವಲ್ಪ ಓರೆಯಾಗಿ ಹಾಕಿ, ತಾನು ಮೊದಲು ಕೂತಳು. ನಿಮ್ಮಪ್ಪ ನಿಂತೇ ಕೂಗುತ್ತಿದ್ದರು. ಅವಳು ತಡೆಯಲಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಷ್ಟೇ ಹೇಳಿದಳು: "ಮೂರು ಸಲ. ಮೂರು ಸಲವೂ ನೀರು ಕೂಡ ಇಲ್ಲ." ಅವಳ ದನಿ ಎಷ್ಟು ಸಣ್ಣದೆಂದರೆ, ಕೇಳಿಸಿಕೊಳ್ಳಬೇಕಾದರೆ ನಿಮ್ಮಪ್ಪ ಬಾಯಿ ಮುಚ್ಚಬೇಕಾಯಿತು. ಬಗ್ಗಬೇಕಾಯಿತು. ಬಗ್ಗಿದವರು ಕುರ್ಚಿಯ ಮೇಲೆ ಕೂತೇಬಿಟ್ಟರು.

"ನಿಮ್ಮ ಡಾಕ್ಟ್ರುಗಳ ಉಗುರು ನೋಡಿ ಹತ್ರ ಬಿಟ್ಕೊಂಡೋಳು ಅವಳು. ಅಷ್ಟು ಶಿಸ್ತಿನೋಳು. ಅವಳನ್ನ ಹೀಗೆ ಒಣಗಿಸ್ತಿದ್ದೀರಲ್ಲ" ಎಂದರು. ಆಗ ಹುಡುಗಿ ತನ್ನ ಉಗುರಿನ ಕಡೆ ನೋಡಿಕೊಂಡದ್ದು ಕಾಣುತ್ತದೆ. ಆ ದಿನ ಬೆಳಿಗ್ಗೆಯೇ ನನಗೆ ಉಗುರು ತೋರಿಸಿದವಳಲ್ಲವೇ! ಇದು ನಾಟಕವಲ್ಲ ಎಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಗಿಹೋಯಿತು. ಬೇರೆ ಯಾರಾದರೂ ಆಗಿದ್ದರೆ "ಸಾರ್, ತಪ್ಪು ರೂಮಿಗೆ ಬಂದಿದ್ದೀರಿ" ಎಂದು ಎದ್ದು ನಿಲ್ಲುತ್ತಿದ್ದರು. ಗಾಜಿನ ಕಡೆಗೆ ತಿರುಗಿ ಗುರುಗಳ ಮುಖವನ್ನಾದರೂ ನೋಡುತ್ತಿದ್ದರು. ಅವಳು ತಿರುಗಲಿಲ್ಲ. ಕುರ್ಚಿಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಆಪರೇಷನ್ ಇವತ್ತು ಯಾಕಾಗಲಿಲ್ಲ ಅಂತ ನನಗೆ ಗೊತ್ತಿಲ್ಲ. ವಿಚಾರಿಸಿ ಸಂಜೆಯೊಳಗೆ ನಾನೇ ವಾರ್ಡಿಗೆ ಬಂದು ಹೇಳ್ತೀನಿ. ಗೊತ್ತಾಗದೇ ಇದ್ರೂ ಬರ್ತೀನಿ, ಬಂದು ಗೊತ್ತಾಗಲಿಲ್ಲ ಅಂತ ಹೇಳ್ತೀನಿ" ಎಂದಳು. ಆಮೇಲೆ ಕೇಳಿದಳು: "ನಿಮಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಯಾವುದಕ್ಕೆ?"

ನಿಮ್ಮಪ್ಪನನ್ನು ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ. ಕಟ್ಟಿಕೊಂಡ ನಾನೂ ಕೇಳಿರಲಿಲ್ಲ. ಅವರು ಹೇಳಿದರು: "ಅವಳು ಹೋದ್ರೆ ಆ ಮನೇಲಿ ನನ್ನ ಹತ್ರ ಮಾತಾಡೋರು ಯಾರೂ ಇಲ್ಲಮ್ಮ. ಒಬ್ಳು ಮಗಳಿದ್ದಾಳೆ. ಅವಳು ಹೋಗಿದ್ದು ನನ್ನಿಂದಾನೇ." ಅಷ್ಟು ಹೇಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು ಪುಟ್ಟಿ. ಬೆಂಚಿನ ಮೇಲಿನ ಮಕ್ಕಳ ತಲೆದೂಗಾಟ ನಿಂತಿತು. ಹುಡುಗಿ ಏನೂ ಹೇಳಲಿಲ್ಲ, ಏನೂ ಕೊಡಲಿಲ್ಲ, ಎದ್ದು ಹೋಗಲೂ ಇಲ್ಲ. ಅವರು ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂತಿದ್ದಳು.

ಸಂಜೆ ದೀಪ ಹಾಕುವ ಮೊದಲು ಅವಳು ವಾರ್ಡಿಗೆ ಬಂದಳು, ಹೇಳಿದ ಮಾತಿನಂತೆ. ನನಗೆಂದು ತೆಗೆದಿಟ್ಟ ರಕ್ತವನ್ನು ತುರ್ತಾಗಿ ಬೇರೊಬ್ಬರಿಗೆ ಕೊಡಬೇಕಾಯಿತು, ಅದನ್ನು ನಮಗೆ ತಿಳಿಸಬೇಕಾದವರು ತಿಳಿಸಲಿಲ್ಲ, ಗುರುವಾರ ಬೆಳಿಗ್ಗೆ ಮೊದಲ ಆಪರೇಷನ್ ನನ್ನದೇ ಎಂದು ನೇರವಾಗಿ ಹೇಳಿದಳು. ಅವಳ ಹಿಂದೆಯೇ ಬಂದರು ನೋಡು, ಅವಳ ಗುರುಗಳು. ಕುಳ್ಳಗಿನ ಹೆಂಗಸು, ಗಂಡಸರಂತೆ ಕತ್ತರಿಸಿದ ಬಿಳಿಗೂದಲು, ಜೇಬಿನಲ್ಲಿ ಒಂದೇ ಒಂದು ಪೆನ್ನು. ಮಕ್ಕಳು ಬೆನ್ನ ಹಿಂದೆ ಅವರನ್ನು ಕುರ್ಚಿ ಡಾಕ್ಟರು ಎನ್ನುತ್ತಾರೆ. ಆ ಆಸ್ಪತ್ರೆಯಲ್ಲಿ ನನ್ನ ಮಂಚದ ಬಳಿ ಸ್ಟೂಲು ಎಳೆದು ಕೂತು ಮಾತಾಡಿದ ಮೊದಲ ದೊಡ್ಡ ಡಾಕ್ಟರು ಅವರೇ.

ಸುತ್ತಿ ಬಳಸದೆ ಎಲ್ಲ ಹೇಳಿದರು. ನಿಮ್ಮ ಯಜಮಾನರು ಪಾಠದ ಕೋಣೆಗೆ ಬಂದುಬಿಟ್ಟರು, ನಮ್ಮ ಮಕ್ಕಳು ಅವರನ್ನು ನಟ ಎಂದುಕೊಂಡರು, ನಾನೂ ಮೊದಲು ಹಾಗೇ ಅಂದುಕೊಂಡೆ, ಅಷ್ಟರಲ್ಲಿ ನಿಜವಾದ ನಟ ಏದುಸಿರು ಬಿಡುತ್ತಾ ನನ್ನ ಪಕ್ಕಕ್ಕೆ ಬಂದು ನಿಂತರು, ಕ್ಯಾಮೆರಾ ನಡೆಯುತ್ತಲೇ ಇತ್ತು, ಅದು ನಮ್ಮ ತಪ್ಪು, ನೀವಿಬ್ಬರೂ ನೋಡಿ, ಅಳಿಸಿ ಎಂದರೆ ನಿಮ್ಮೆದುರೇ ಅಳಿಸುತ್ತೇನೆ ಎಂದರು. ಗೊತ್ತಾದ ಮೇಲೂ ಒಳಗೆ ಹೋಗಿ ಯಾಕೆ ನಿಲ್ಲಿಸಲಿಲ್ಲ ಎಂದು ನಾನು ಕೇಳಿದೆ, ಟೀಚರ್ ದನಿಯಲ್ಲೇ. ಅವರು ತಡವರಿಸಲಿಲ್ಲ. "ಬಾಗಿಲ ಮೇಲೆ ಕೈ ಇಟ್ಟಿದ್ದೆ. ನಿಮ್ಮ ಆಪರೇಷನ್ನು ಮೂರು ಸಲ ಮುಂದಕ್ಕೆ ಹಾಕಿದ್ವಿ. ನಾನು ಒಳಗೆ ಹೋಗಿದ್ರೆ ಅವರ ಸಿಟ್ಟನ್ನೂ ಮುಂದಕ್ಕೆ ಹಾಕಿದ ಹಾಗಾಗ್ತಿತ್ತು" ಎಂದರು.

ಹೀಗೆ ನಾನು ಅದನ್ನು ನೋಡಿದೆ. ನಿಮ್ಮಪ್ಪ ನನ್ನ ಪಕ್ಕ ನಿಂತು, ಗೋಡೆ ನೋಡುತ್ತಾ, ಬರೀ ಕೇಳಿಸಿಕೊಂಡರು. ಮುಗಿದ ಮೇಲೆ ಅವರು ರೇಗುತ್ತಾರೆ ಎಂದು ನಾನು ಚಾದರ ಬಿಗಿ ಹಿಡಿದಿದ್ದೆ. ಅವರು ಅಂದದ್ದು ಇಷ್ಟೇ: "ಇರ್ಲಿ ಬಿಡಿ. ಆ ಹುಡುಗೀನ ಪಾಸ್ ಮಾಡಿ."

ಆಪರೇಷನ್ ಆದ ಮೇಲೆ ನನಗೆ ದಿನಾ ನಡೆಯಿರಿ ಎಂದರು. ನಾನು ನಡೆದು ನಡೆದು ಲಿಫ್ಟು ಹತ್ತಿ ಆ ಕೊನೆಯ ಕೋಣೆಗೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ನಾನೂ ಪಾಠ ಹೇಳಿದವಳು, ಒಳ್ಳೆಯ ಪಾಠ ನಡೆಯುತ್ತಿದ್ದರೆ ನನಗೆ ಹಸಿವು ನಿದ್ದೆ ಬೇಡ. ಕುರ್ಚಿ ಡಾಕ್ಟರು ಪಾಠ ಹೇಳುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ಮಕ್ಕಳನ್ನು ಬಿಳಿ ಕೋಟು ತೆಗೆಸಿ, ಸಾದಾ ಬಟ್ಟೆಯಲ್ಲಿ ಕೆಳಗೆ ಕಳಿಸುತ್ತಾರೆ. ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಬೆಂಚಿನ ಮೇಲೆ ಅರ್ಧ ದಿನ ಕೂತು ಬರಬೇಕು. ತಾವು ಡಾಕ್ಟರು ಎಂದು ಬಾಯಿ ಬಿಡುವ ಹಾಗಿಲ್ಲ. ವಾಪಸು ಬಂದಾಗ ಅರ್ಧ ಪಾಠ ಆಗಲೇ ಮುಗಿದಿರುತ್ತದೆ. "ಸಮಾಧಾನ ಮಾಡ್ಕೊಳ್ಳಿ" ಎಂಬ ಮಾತಿಗೆ ಆ ಕೋಣೆಯಲ್ಲಿ ಪ್ರವೇಶವೇ ಇಲ್ಲ. ಯಾರಾದರೂ "ಆದ್ರೆ" ಎಂದ ತಕ್ಷಣ ಪೆನ್ನಿನಿಂದ ಮೇಜಿನ ಮೇಲೆ ಟಕ್ಕೆಂದು ಕುಟ್ಟುತ್ತಾರೆ. "ನಿಮ್ಮ ಕಷ್ಟ ಅರ್ಥ ಆಗುತ್ತೆ, ಆದ್ರೆ" ಎಂದರೆ ಏನೂ ಅರ್ಥವಾಗಿಲ್ಲ ಎಂದೇ ಲೆಕ್ಕವಂತೆ. ಆ ಉದ್ದನೆಯ ಹುಡುಗ ಅಳುವವರ ಕೈಗೆ ಗಡಿಬಿಡಿಯಲ್ಲಿ ನೀರಿನ ಲೋಟ ತುರುಕಿದ. ಕುರ್ಚಿ ಡಾಕ್ಟರು ಬೈಯಲಿಲ್ಲ, "ನೀರು ಯಾರಿಗೆ ಬೇಕಾಗಿತ್ತಪ್ಪ, ಅವರಿಗಾ, ನಿನಗಾ?" ಎಂದು ಕೇಳಿದರು. ಹುಡುಗ ಯೋಚಿಸಿ, "ನನಗೆ ಮೇಡಂ" ಎಂದು ಆ ಲೋಟ ತಾನೇ ಕುಡಿದ. ಎಲ್ಲರೂ ನಕ್ಕರು, ಅವನೂ ನಕ್ಕ. ನಗಿಸಿ ತಿದ್ದುವ ವಿದ್ಯೆ ಎಲ್ಲ ಟೀಚರುಗಳಿಗೂ ಬರುವುದಿಲ್ಲ, ನನಗಂತೂ ಬರಲಿಲ್ಲ.

ಈ ಮಧ್ಯೆ ಅವರು ನಿಮ್ಮಪ್ಪನನ್ನು ಕೇಳಿದರು, ಮಂಗಳವಾರ ಬಂದು ಮಕ್ಕಳ ಎದುರು ಕೂಗಿಕೊಡುತ್ತೀರಾ ಎಂದು. ಇವರು ಹೊಸ ಅಂಗಿ ಹಾಕಿಕೊಂಡು ಹೋದರು. ಹೆಂಡತಿಯ ಆಪರೇಷನ್ ಸರಿಯಾಗಿ ಆಗಿ, ರಿಪೋರ್ಟೂ ಚೆನ್ನಾಗಿ ಬಂದ ಮನುಷ್ಯನಿಗೆ ಸಿಟ್ಟು ಎಲ್ಲಿಂದ ಬರಬೇಕು? "ಇವತ್ತು ಸಹಜವಾಗಿ ಬರ್ತಿಲ್ಲ" ಎಂದು ಮಕ್ಕಳು ಹೇಳಿದ ಮೇಲೆ ನಿಜವಾದ ಸಿಟ್ಟು ಬಂತು, ಆಗ ಪಾಠ ಚೆನ್ನಾಗಿ ನಡೆಯಿತು. ನಾಟಕದ ಮೇಷ್ಟ್ರಿಗೆ ಸ್ವಲ್ಪ ಮುನಿಸು. "ಜೀವನವಿಡೀ ರಂಗದ ಮೇಲೆ ಕೂಗಿದೋನು ನಾನು, ಈಗ ಈರುಳ್ಳಿ ಕೂಗೋರ ಹತ್ರ ಕಲೀಬೇಕಾಯ್ತು" ಎಂದು ನನ್ನ ಹತ್ತಿರ ಹೇಳಿಕೊಂಡರು.

ಆ ಕೋಣೆಯಲ್ಲಿ ಇನ್ನೊಂದು ನಿಯಮವಿದೆ. ಸಿಟ್ಟಿನವರ ಪಾತ್ರ ಮಾಡಿದವರು ಒಂದು ಸಲವಾದರೂ ಆ ಇನ್ನೊಂದು ಕುರ್ಚಿಯಲ್ಲಿ, ಕೇಳುವವರ ಕುರ್ಚಿಯಲ್ಲಿ ಕೂರಲೇಬೇಕು. ಹೋದ ಮಂಗಳವಾರ, ನಾನು ಹೊಲಿಗೆ ತೋರಿಸಲು ಹೋಗಿದ್ದ ದಿನ, ಕುರ್ಚಿ ಡಾಕ್ಟರು ನಿಮ್ಮಪ್ಪನಿಗೆ ಹೇಳಿದರು: "ಇವತ್ತು ನಿಮ್ಮ ಸರದಿ. ನಿಮಗೆ ಚೆನ್ನಾಗಿ ಗೊತ್ತಿರೋ ಜಗಳ ಒಂದು ಹೇಳಿ, ಅದನ್ನೇ ಮಾಡೋಣ." ನಿಮ್ಮಪ್ಪ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ನಮ್ಮ ನಡುಮನೆಯ ಆ ದಿನದ ಕಥೆ ಹೇಳಿದರು. ಏನನ್ನೂ ಮುಚ್ಚಲಿಲ್ಲ ಪುಟ್ಟಿ, ತಾವು ಆಡಿದ ಆ ಕೊನೆಯ ಮಾತನ್ನೂ ಹೇಳಿದರು. ನಿನ್ನ ಪಾತ್ರವನ್ನು ಯಾರು ಮಾಡಬೇಕು, ಅವಳು ಹೇಗೆ ಮಾತಾಡುತ್ತಾಳೆ ಎಂದು ಕೇಳಿದಾಗ, ಪಿಸುಮಾತಿನ ಕಡೆ ಕೈ ತೋರಿಸಿ, "ಅವಳು ಕೂಗಲ್ಲ. ಈ ಮಗು ಥರಾನೇ ಮಾತಾಡ್ತಾಳೆ" ಎಂದರು.

ಹುಡುಗಿ ಎದುರು ಬಂದು ಕೂತಳು. "ಅವತ್ತು ಅಲ್ಲಿದ್ದೋರೆಲ್ಲ ನನ್ನ ಮುಖ ನೋಡ್ತಿದ್ರು ಅಪ್ಪ. ನೀವೊಬ್ರೇ ನೋಡ್ಲಿಲ್ಲ. ಯಾಕೆ?" ಎಂದಳು. ಅವಳಿಗೆ ಅದು ಹೇಗೆ ಹೊಳೆಯಿತೋ! ನಿಮ್ಮಪ್ಪ ಶುರು ಮಾಡಿದರು, "ನಿನ್ನ ಒಳ್ಳೇದಕ್ಕೇ ಕಣಮ್ಮ, ಆದ್ರೆ..." ಟಕ್. "ತಪ್ಪಾಯ್ತು ಅಂತಾನೇ ಇಟ್ಕೋ, ಆದ್ರೆ ನೀನೂ..." ಟಕ್. ಅವರ ಕತ್ತಿನ ನರ ಉಬ್ಬಿತು. ಇನ್ನೇನು ಎದ್ದು ಕೂಗುತ್ತಾರೆ ಎಂದುಕೊಂಡೆ. ಕುರ್ಚಿ ಡಾಕ್ಟರು ಪೆನ್ನು ಕೆಳಗಿಟ್ಟು, ಮೆತ್ತಗೆ, "ಉತ್ತರ ಆಮೇಲೆ ಕೊಡಿ. ಅವಳು ಹೇಳಿದ್ದನ್ನ ಮೊದಲು ಅವಳಿಗೇ ವಾಪಸ್ ಹೇಳಿ ನೋಡೋಣ" ಎಂದರು.

ನಿಮ್ಮಪ್ಪ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಅವರ ಬಾಯಿಂದ ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ, "ಅವತ್ತು ನಿನ್ನ ಮುಖ ನೋಡ್ಲಿಲ್ಲ" ಎಂದರು. "ನೋಡಿದ್ರೆ ಕೂಗೋಕೆ ಆಗ್ತಿರ್ಲಿಲ್ಲ. ಬಂದೋರ ಮುಂದೆ ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ನಿನ್ನ ಮರ್ಯಾದೆ ತೆಗೆದೆ. ನೀನು ಒಬ್ಳೇ ನಿಂತಿದ್ದೆ. ನಿನ್ನ ಪಕ್ಕ ನಿಲ್ಬೇಕಾಗಿದ್ದೋನು ನಾನು." ಅಲ್ಲಿಗೆ ನಿಲ್ಲಿಸಿದರು. ಮುಂದೆ ಏನನ್ನೂ ಸೇರಿಸಲಿಲ್ಲ. ಪೆನ್ನು ಮೇಜಿನ ಮೇಲೆ ಹಾಗೇ ಇತ್ತು.

ಆ ಹುಡುಗಿ ತಾನು ನಿನ್ನ ಪಾತ್ರ ಮಾಡುತ್ತಿರುವುದನ್ನೇ ಮರೆತಳು. ಕಣ್ಣು ಒರೆಸಿಕೊಂಡು, "ಅಂಕಲ್, ಇದನ್ನ ನೀವು ಹೇಳ್ಬೇಕಾಗಿರೋದು ನನಗಲ್ಲ" ಎಂದಳು.

ಈ ಮನುಷ್ಯನ ಜೊತೆ ಇಷ್ಟು ಕಾಲ ಬಾಳಿದ್ದೇನೆ. ಅವರ ಮೇಲೆ ಕೋಪ ಮಾಡಿಕೊಂಡಿದ್ದೇನೆ, ಕನಿಕರ ಪಟ್ಟಿದ್ದೇನೆ, ಅವರ ಪರವಾಗಿ ಊರಿಗೆಲ್ಲ ಸಮಜಾಯಿಷಿ ಕೊಟ್ಟಿದ್ದೇನೆ. ಅವರ ಬಗ್ಗೆ ಹೆಮ್ಮೆ ಪಟ್ಟದ್ದು ಆ ದಿನವೇ. ಗೇಲಿ ಮಾಡುವ ವಯಸ್ಸಿನ ಮಕ್ಕಳ ಎದುರು, ಈ ವಯಸ್ಸಿನಲ್ಲಿ, ಕಲಿಯಲು ಕೂತರಲ್ಲ. ಕಲಿಸಿದವರಿಗೆ ದೊಡ್ಡ ನಮಸ್ಕಾರ. ಅವರು ಡಾಕ್ಟರುಗಳನ್ನು ತಯಾರು ಮಾಡುವ ಕೋಣೆಯಲ್ಲಿ ಬಿಡುವಿನಲ್ಲಿ ನಿನಗೊಬ್ಬ ಅಪ್ಪನನ್ನೂ ತಯಾರು ಮಾಡಲು ನೋಡಿದರು.

ಪೂರ್ತಿ ತಯಾರಾಗಿದ್ದಾರೆ ಎಂದು ನಾನು ಹೇಳಲಾರೆ. ಸುಳ್ಳು ಹೇಳಿ ನಿನ್ನನ್ನು ಒಲಿಸುವುದು ನನಗೆ ಬೇಡ. ಮೊನ್ನೆ ನಲ್ಲಿ ರಿಪೇರಿಯವರ ಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಆಮೇಲೆ ಒಳಗೆ ಬಂದು ಕೂತು, ಮತ್ತೆ ಎದ್ದು ಹೋಗಿ, ಒಂದು ಕುರ್ಚಿ ತೆಗೆದುಕೊಂಡು ಹೋಗಿ ಅವರ ಪಕ್ಕ ಹಾಕಿ ಕೂತರು. ನಲ್ಲಿಯವರು ಹೆದರಿ ಸ್ಪ್ಯಾನರು ಕೈಬಿಟ್ಟರು. ಅಡುಗೆಮನೆಯಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಹೊಲಿಗೆ ಎಳೆಯಿತು.

ನಿನಗೆ ಆದ ನೋವು ನಿನ್ನದು. ಅದು ದೊಡ್ಡದಲ್ಲ ಎಂದು ನಾನು ಹೇಳುವುದಿಲ್ಲ, ಮರೆತುಬಿಡು ಎಂದೂ ಹೇಳುವುದಿಲ್ಲ. ಅಷ್ಟು ಜನರೆದುರು ಬೇಡ ಎನ್ನುವ ಧೈರ್ಯ ನಿನಗಿತ್ತು, ಆ ಧೈರ್ಯ ನನಗೆ ಎಂದೂ ಇರಲಿಲ್ಲ. ಊಟ ತಿಂಡಿ ಸರಿಯಾಗಿ ಮಾಡು. ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಿಂತೇ ಇರಬೇಡ, ಆಗಾಗ ಕೂರು.

ಹೊಟ್ಟೆಗೆ ಹೊಲಿಗೆ ಬಿದ್ದರೂ ಬಾಯಿ ಮುಚ್ಚದ,
ನಿನ್ನ ಅಮ್ಮ

ತಾ. ಕ. ಭಾನುವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಲಕೋಟೆಯ ಮೇಲೆ ಸ್ಟಾಂಪು ಇಲ್ಲ, ನೀನು ಗಮನಿಸಿರಲಿಕ್ಕಿಲ್ಲ. ಇದನ್ನು ನಿನ್ನ ಬಾಗಿಲ ಕೆಳಗೆ ತಳ್ಳಿದವರು ನಿಮ್ಮಪ್ಪ. ಒಳಗೆ ಏನು ಬರೆದಿದೆ ಎಂದು ಅವರಿಗೆ ಗೊತ್ತಿಲ್ಲ, ಅಂಟಿಸಿಯೇ ಅವರ ಕೈಗೆ ಕೊಡುತ್ತೇನೆ. ಬಾಗಿಲು ತಟ್ಟಬೇಡಿ, ಕೆಳಗಿಳಿದು ಹೋಗಿ ಕೂತಿರಿ ಎಂದು ನಾನೇ ಹೇಳಿದೆ. ನಿನ್ನ ಕಿಟಕಿಯಿಂದ ನೋಡಿದರೆ ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕಾಣಿಸಬೇಕು. ಸಂಜೆಯ ಕೊನೆಯ ಬಸ್ಸಿನವರೆಗೆ ಅಲ್ಲೇ ಇರುತ್ತಾರೆ. ನೀನು ಇಳಿದು ಬರದಿದ್ದರೆ ಆ ಬಸ್ಸು ಹತ್ತಿ ಮನೆಗೆ ಬರುತ್ತಾರೆ, ಅವರಾಗಲಿ ನಾನಾಗಲಿ ನಿನ್ನ ಮೇಲೆ ಒಂದು ಮಾತೂ ಆಡುವುದಿಲ್ಲ. ಇಳಿದು ಬಂದರೆ ಮೊದಲ ಮಾತು ನಿನ್ನದು. ಮೆತ್ತಗೆ ಹೇಳಬೇಕೆಂದೇನೂ ಇಲ್ಲ ಪುಟ್ಟಿ. ಬೀದಿಯವರೆಲ್ಲ ಕಿಟಕಿ ತೆಗೆದು ನೋಡುವಷ್ಟು ಜೋರಾಗಿ ಕೂಗು. ಅವತ್ತು ಅಷ್ಟು ಜನರೆದುರು ನೀನು ನಿಂತು ಕೇಳಿದೆ. ಇವತ್ತು ಅವರು ಕೂತು ಕೇಳುತ್ತಾರೆ.